ಸುಮ್ಮನಿದ್ದವರ ಅಂಕಿ

ಮೂರನೆಯ ಮಹಡಿಗೆ ಐವತ್ತೆಂಟು ಮೆಟ್ಟಿಲು. ಲಿಫ್ಟ್ ಇಲ್ಲವೆಂದಲ್ಲ, ಇದೆ. ಕೆಟ್ಟು ನಿಲ್ಲುವುದೇ ತನ್ನ ಉದ್ಯೋಗವೆಂದು ಅದು ಎಂದೋ ತೀರ್ಮಾನ ಮಾಡಿಕೊಂಡಿದೆ. ಅವಳು ಬಲಗೈಯಲ್ಲಿ ಕಂಬಿ ಹಿಡಿದು, ಎಡ ಹೆಗಲಿಗೆ ಬ್ಯಾಗು ಏರಿಸಿಕೊಂಡು, ಎರಡನೆಯ ಮಹಡಿಯ ಕಿಟಕಿಯ ಬಳಿ ಒಂದು ಗಳಿಗೆ ನಿಂತು ಮತ್ತೆ ಹತ್ತುತ್ತಾಳೆ. ಅವಳಿಗೀಗ ಐವತ್ತೇಳು. "ಇನ್ನೊಂದು ವರ್ಷ ತಡೀರಿ, ಮೆಟ್ಟಿಲೂ ನಾನೂ ಸಮಸಮ ಆಗ್ತೀವಿ," ಎಂದು ಬಾಗಿಲ ಕಾವಲಿನವನಿಗೆ ಎಷ್ಟು ಸಲ ಹೇಳಿದ್ದಾಳೋ. ಅವನು ಪಾಪ, ಪ್ರತಿ ಸಲವೂ ಹೊಸದಾಗಿ ಕೇಳಿದವನಂತೆ ನಗುತ್ತಾನೆ. ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಊರಿನವರನ್ನೆಲ್ಲ ಏರಿಸಿ ಇಳಿಸುವವನ ಹೆಂಡತಿ ಇಲ್ಲಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಾಳೆ.

ಸಂಸ್ಥೆಯ ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರಿದೆ. ಅದನ್ನು ಯಾರೂ ಬಳಸುವುದಿಲ್ಲ. ಬೆಳೆಗಾರರು ಪ್ರಶ್ನೆಯಕ್ಕ ಎಂದು ಕರೆದರು, ಹೆಸರು ಬಸ್ಸು ಹತ್ತಿ ಸಂಸ್ಥೆಗೂ ಬಂತು, ಈಗ ಸಂಸ್ಥೆಯ ಮುಖ್ಯಸ್ಥೆ ದೊಡ್ಡ ಡಾಕ್ಟರಮ್ಮನ ಬಾಯಲ್ಲೂ ಅದೇ.

ಸಂಸ್ಥೆಯಲ್ಲಿ ನಡೆಯುವ ಸಂಶೋಧನೆ ಸಣ್ಣದಲ್ಲ. ಕೃಷಿ ವಿಭಾಗದವರು ಬೆಳೆಗೆ ಯಾವ ರೋಗ ಬಂತು, ಎಷ್ಟು ಬೆಳೆ ಹೋಯಿತು ಎಂದು ಬರೆದುಕೊಡುತ್ತಾರೆ. ಮನೋವೈದ್ಯ ವಿಭಾಗದವರು ಬೆಳೆದವರ ಮನಸ್ಸು ಹೇಗಿದೆ ಎಂದು ಕೇಳಿಸುತ್ತಾರೆ. ಗಣಿತದವರು ಎರಡಕ್ಕೂ ಇರುವ ನಂಟನ್ನು ಹುಡುಕುತ್ತಾರೆ. ಹುಡುಕಿದ್ದನ್ನು ಕಂಪ್ಯೂಟರ್ ವಿಭಾಗದವರು ಯಂತ್ರಕ್ಕೆ ಕಲಿಸುತ್ತಾರೆ. ಯಾರ ಮನಸ್ಸು ಯಾವಾಗ ಕುಸಿಯಬಹುದೆಂದು ಮೊದಲೇ ತಿಳಿದು ಸಹಾಯ ಕಳಿಸುವುದು ಇಷ್ಟಕ್ಕೆಲ್ಲ ಗುರಿ. ನಾಲ್ಕು ವಿಭಾಗದ ಪಂಡಿತರೂ ಒಂದೇ ಉದ್ದನೆಯ ಮೇಜಿನ ಸುತ್ತ ಕೂತು ಮಾತಾಡುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುವುದು ಅಷ್ಟಕ್ಕಷ್ಟೇ. ಅವರೆಲ್ಲರ ಕೆಳಗೆ ಐದು ವಲಯಗಳಿಗೆ ಐದು ಜನ ಪ್ರಶ್ನೆ ಕೇಳುವವರು. ಪೂರ್ವ ವಲಯ ಪ್ರಶ್ನೆಯಕ್ಕನದು. ಅಲ್ಲಿ ನೂರ ಮೂವತ್ತು ಜನ ಹಸಿರುಮನೆ ಬೆಳೆಗಾರರಿದ್ದಾರೆ. ಪ್ಲಾಸ್ಟಿಕ್ ಚಪ್ಪರದ ಬೇಯುವ ಸೆಕೆಯಲ್ಲಿ ಟೊಮೆಟೊ, ದಪ್ಪಮೆಣಸಿನಕಾಯಿ, ಗುಲಾಬಿ ಬೆಳೆಯುವವರು. ತಿಂಗಳಿಗೊಮ್ಮೆ ಪ್ರತಿಯೊಬ್ಬರ ಎದುರಿಗೂ ಹೋಗಿ ಕೂತು ಒಂಬತ್ತು ಪ್ರಶ್ನೆ ಕೇಳಬೇಕು. ನಿದ್ದೆ ಬರುತ್ತಾ, ಊಟ ಸೇರುತ್ತಾ, ಸುಸ್ತು ಅನ್ನಿಸುತ್ತಾ, ಹೀಗೆ. ಒಂಬತ್ತನೆಯದು, ಬದುಕೇ ಬೇಡ ಅನ್ನಿಸಿತ್ತಾ. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕಿ. ಸೊನ್ನೆ ಎಂದರೆ ಇಲ್ಲವೇ ಇಲ್ಲ, ಒಂದು ಎಂದರೆ ಆಗೊಮ್ಮೆ ಈಗೊಮ್ಮೆ, ಎರಡು ಎಂದರೆ ಬಹಳ ದಿನ, ಮೂರು ಎಂದರೆ ದಿನವೂ.

ಅವಳು ಇದಕ್ಕೆ ಬಂದದ್ದು ಮೂರು ತಿಂಗಳ ತಾತ್ಕಾಲಿಕ ಕೆಲಸವೆಂದು. ಅದಕ್ಕೆ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಹಗಲೆಲ್ಲ ಒಂದು ಊರಿನ ದನಿಯನ್ನು ಇನ್ನೊಂದು ಊರಿಗೆ ಜೋಡಿಸುತ್ತಿದ್ದಳು. ಯಂತ್ರಗಳು ಬಂದು ಎಕ್ಸ್‌ಚೇಂಜ್ ಮುಚ್ಚಿತು, ಇವಳು ಇಲ್ಲಿಗೆ ಬಂದಳು, ಮೂರು ತಿಂಗಳು ಹಿಗ್ಗಿ ಹಿಗ್ಗಿ ಹದಿನೆಂಟು ವರ್ಷವಾಯಿತು. ಎಕ್ಸ್‌ಚೇಂಜಿನಲ್ಲಿ ಕಲಿತ ಒಂದು ವಿದ್ಯೆ ಮಾತ್ರ ಇಲ್ಲಿಗೂ ಜೊತೆಗೆ ಬಂತು. ತಂತಿಯ ಆ ಕಡೆ ಮಾತಿಲ್ಲದಿದ್ದಾಗ, ಲೈನು ಸತ್ತಿದೆಯೋ ಇಲ್ಲ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದಾರೋ ಎಂಬುದು ಅವಳಿಗೆ ಗೊತ್ತಾಗುತ್ತಿತ್ತು.

ಮೊದಲೆಲ್ಲ ಕಾಗದದ ಫಾರಂ ಇತ್ತು. ಯಾರಾದರೂ ಉತ್ತರ ಕೊಡದಿದ್ದರೆ ಅಂಕಿಯ ಜಾಗ ಖಾಲಿ ಬಿಟ್ಟು, ಅಂಚಿನಲ್ಲಿ 'ಸುಮ್ಮನಿದ್ದರು' ಎಂದು ಬರೆಯುತ್ತಿದ್ದಳು. ಆರು ವರ್ಷದ ಹಿಂದೆ ಟ್ಯಾಬ್ ಬಂತು. ಟ್ಯಾಬಿಗೆ ಅಂಚಿಲ್ಲ. ಅಂಕಿ ಒತ್ತದೆ ಅದು ಸುತರಾಂ ಮುಂದೆ ಹೋಗುವುದಿಲ್ಲ. ತರಬೇತಿಯ ದಿನ ಪ್ರಶ್ನೆಯಕ್ಕ ಕೈ ಎತ್ತಿ ಕೇಳಿದ್ದಳು.

"ಮೇಡಂ, ಅವರು ಸುಮ್ಮನಿದ್ದರೆ ಯಾವುದು ಒತ್ತೋದು?"

ಡಾಕ್ಟರಮ್ಮನಿಗೆ ಅವತ್ತು ಇನ್ನೂ ಎರಡು ಸಭೆಗಳಿದ್ದವು. "ಸೊನ್ನೆ. ಇದೆ ಅಂತ ಹೇಳಲಿಲ್ಲ ಅಂದ್ರೆ ಇಲ್ಲ ಅಂತ ತಗೊಳ್ಳೋದು," ಎಂದರು.

ಉಳಿದ ನಾಲ್ಕು ವಲಯದವರು ಹಾಗೆಯೇ ತೆಗೆದುಕೊಂಡರು. ಅವರದು ತಪ್ಪೆಂದು ಹೇಳುವ ಹಾಗಿಲ್ಲ, ಹೇಳಿಕೊಟ್ಟದ್ದನ್ನು ಮಾಡಿದರು.

ಪ್ರಶ್ನೆಯಕ್ಕನೂ ಹಾಗೆಯೇ ಮಾಡುತ್ತಿದ್ದಳೇನೋ, ಟ್ಯಾಬ್ ಬಂದ ಎರಡನೆಯ ವಾರದಲ್ಲೇ ಆ ಗುಲಾಬಿಯವನು ಎದುರಾಗದಿದ್ದರೆ. ಐವತ್ತರ ಆಸುಪಾಸಿನ ಗಟ್ಟಿ ಆಳು. ಬಾಯಿಗೆ ಲಗಾಮಿಲ್ಲದ ಮನುಷ್ಯ. ಅವನ ಹಸಿರುಮನೆಗೆ ಹೋದರೆ ಒಂಬತ್ತು ಪ್ರಶ್ನೆಗೆ ತೊಂಬತ್ತು ಕಥೆ ಕೇಳಿ ಬರಬೇಕಿತ್ತು. ಅವತ್ತು ಮೊದಲ ಎಂಟಕ್ಕೂ ಒಂದೊಂದೇ ಪದದಲ್ಲಿ ಉತ್ತರ ಕೊಟ್ಟ. ಒಂಬತ್ತನೆಯದನ್ನು ಕೇಳಿದಾಗ ಅವನ ಕೈಯಲ್ಲಿ ನೀರಿನ ಪೈಪಿತ್ತು. ಗಿಡದ ಬುಡ ತುಂಬಿ, ಪಾತಿ ತುಂಬಿ, ನೀರು ಹರಿದು ಅವನ ಬರಿಗಾಲಿನ ಮೇಲೆ ಹೋಯಿತು. ಅವನು ಪೈಪು ಸರಿಸಲಿಲ್ಲ.

ಕೊನೆಗೆ ಅವನು, "ಮುಂದಿನದು ಕೇಳಿ ಅಕ್ಕ," ಎಂದ.

"ಮುಂದಿನದು ಇಲ್ಲ ಯಜಮಾನ್ರೇ. ಇದೇ ಕೊನೇದು."

"ಹಾಗಾದ್ರೆ ಮುಗೀತಲ್ಲ," ಎಂದು ಅವನು ಪೈಪು ಎಳೆದುಕೊಂಡು ಇನ್ನೊಂದು ಸಾಲಿಗೆ ಹೋದ.

ಅವಳು ಟ್ಯಾಬ್ ಹಿಡಿದುಕೊಂಡು ಹಸಿರುಮನೆಯ ಬಾಗಿಲಲ್ಲಿ ನಿಂತಳು. ಸೊನ್ನೆ ಒತ್ತಿದರೆ ಇವನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಎರಡೋ ಮೂರೋ ಒತ್ತಿದರೆ ಗಂಟೆಯೊಳಗೆ ಸಂಸ್ಥೆಯ ಗಾಡಿ ಮನೆ ಮುಂದೆ ಬಂದು ನಿಲ್ಲುತ್ತದೆ. ನೆರೆಯವರೆಲ್ಲ ಕತ್ತು ಉದ್ದ ಮಾಡಿ ನೋಡುತ್ತಾರೆ. ಇವನು ಇನ್ನೆಂದೂ ಬಾಯಿ ಬಿಡುವುದಿಲ್ಲ. ಒಂದು ಒತ್ತಿದರೆ ಎರಡು ದಿನದೊಳಗೆ ಸಹಾಯವಾಣಿಯಿಂದ ಒಬ್ಬರು ಫೋನ್ ಮಾಡಿ ಮಾತಾಡಿಸುತ್ತಾರೆ. ಅವಳು ಒಂದು ಒತ್ತಿದಳು. ಮನೆಗೆ ಬಂದು, ಸುಳ್ಳು ಬರೆದೆನಲ್ಲ ಎಂದು ಮನಸ್ಸು ತಡೆಯದೆ, ಹಳೆಯ ನೋಟ್‌ಬುಕ್ಕಿನಲ್ಲಿ ನಿಜವನ್ನು ಬರೆದಿಟ್ಟಳು. ತಾರೀಕು, ಬೆಳೆಗಾರನ ಸಂಖ್ಯೆ, ಪೈಪು, ನೀರು, ಅವನಾಡಿದ ಎರಡು ಮಾತು, ಎಲ್ಲವನ್ನೂ.

ಮುಂದಿನ ತಿಂಗಳು ಗುಲಾಬಿಯವನು ತಾನಾಗಿ ಹೇಳಿದ. "ಯಾರೋ ಮೇಡಂ ಫೋನ್ ಮಾಡಿದ್ರು ಅಕ್ಕ. ಗುಲಾಬಿ ವಿಷಯಾನೇ ಅರ್ಧ ಗಂಟೆ ಮಾತಾಡಿದ್ವಿ. ಆಮೇಲೆ ಬೇರೇದೂ ಮಾತಾಡಿದ್ವಿ. ಈಗ ಆಸ್ಪತ್ರೆಗೆ ಹೋಗ್ತಾ ಇದೀನಿ."

ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಒಂಬತ್ತನೆಯದಕ್ಕೆ ಸುಮ್ಮನಿದ್ದವರಿಗೆಲ್ಲ ಒಂದು, ಮನೆಗೆ ಬಂದ ಮೇಲೆ ನೋಟ್‌ಬುಕ್ಕು. ಆರು ವರ್ಷದಲ್ಲಿ ಅಂಥವರು ಇನ್ನೂರ ಹನ್ನೆರಡು. ನೋಟ್‌ಬುಕ್ಕುಗಳು ಮೂರು. ಮೊದಲಿನ ವರ್ಷಗಳಲ್ಲಿ ಬರೆದದ್ದನ್ನು ಪ್ರತಿ ಸಲವೂ ಇನ್ನೊಮ್ಮೆ ಓದುತ್ತಿದ್ದಳು. ಆಮೇಲೆ ಸುಮ್ಮನೆ ಸುಸ್ತಾಗುತ್ತಿತ್ತು. ದಿನಕ್ಕೆ ಏಳೆಂಟು ಜನರ ದಣಿವನ್ನು ಕೇಳಿಸಿಕೊಂಡು, ಎರಡು ಬಸ್ಸು ಬದಲಿಸಿ ಮನೆಗೆ ಬಂದು, ಚಪ್ಪಲಿ ಬಿಚ್ಚುವುದಕ್ಕೂ ತ್ರಾಣವಿಲ್ಲದೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದಳು. ಗಂಡ ಒಳಗಿನಿಂದ, "ಎಷ್ಟನೇ ಮಹಡೀಲಿ ನಿಂತಿದೆ ಲಿಫ್ಟು?" ಎಂದು ಕೇಳುತ್ತಿದ್ದ. "ನೆಲಮಾಳಿಗೇಲಿ," ಎನ್ನುತ್ತಿದ್ದಳು.

ಇನ್ನು ಗಣಿತದ ಮೇಷ್ಟ್ರ ವಿಷಯ. ಅವನು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಗಣಿತ ವಿಭಾಗದ ತಾತ್ಕಾಲಿಕ ಸಂಶೋಧಕ, ಮೂವತ್ತಾರು ವರ್ಷದವನು. ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೊಂದಕ್ಕೆ ತಾತ್ಕಾಲಿಕವಾಗಿಯೇ ಅಲೆದು ಹೈರಾಣಾದವನು. ಮೇಷ್ಟ್ರೇ ಎಂದು ತಮಾಷೆಗೆ ಕರೆದವಳು ಪ್ರಶ್ನೆಯಕ್ಕ. ಮೂರನೆಯ ಮಹಡಿಯಲ್ಲಿ ಅವಳು ಬಂದಾಗ ಎದ್ದು ಕುರ್ಚಿ ಕೊಡುವವನು ಅವನೊಬ್ಬನೇ. ಟೀ ಮಾಡಿದರೆ ಎರಡು ಲೋಟ ಮಾಡುತ್ತಿದ್ದ. ಈ ತಿಂಗಳ ಮೊದಲ ಸೋಮವಾರ ಅವನು ಅವಳನ್ನು ಕಂಡವನೇ ಮುಖ ಅರಳಿಸಿಕೊಂಡು ಓಡಿ ಬಂದ.

"ಅಕ್ಕಾ, ನಿಮ್ಮ ವಲಯದಲ್ಲೊಂದು ನಿಧಿ ಸಿಕ್ತು."

"ನಂಗೂ ಸ್ವಲ್ಪ ಕೊಡಿ ಮತ್ತೆ."

ಅವನು ಅವಳನ್ನು ಪರದೆಯ ಮುಂದೆ ಕೂರಿಸಿದ. ಉಳಿದ ನಾಲ್ಕು ವಲಯಗಳಲ್ಲಿ ಒಂಬತ್ತನೆಯ ಪ್ರಶ್ನೆಗೆ ಎರಡು, ಮೂರು ಎಂದವರೇ ಮುಂದೆ ಆಸ್ಪತ್ರೆ ಸೇರಿದ್ದು ಹೆಚ್ಚು. ಅದರಲ್ಲಿ ವಿಶೇಷವಿಲ್ಲ. ಪೂರ್ವ ವಲಯದಲ್ಲಿ ಮಾತ್ರ ಒಂದು ಎಂದವರು ಎಲ್ಲರಿಗಿಂತ ಹೆಚ್ಚು ಸೇರಿದ್ದಾರೆ. ಬೆಳೆಗೆ ರೋಗ ಬಂದ ತಿಂಗಳಲ್ಲಂತೂ ಅದರ ಎರಡರಷ್ಟು.

"ಅರ್ಥ ಆಯ್ತಾ ಅಕ್ಕಾ? ತೀರಾ ಕಷ್ಟದಲ್ಲಿರೋರು ಜಾಸ್ತಿ ಹೇಳಲ್ಲ. ಒಂದು ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳಿಬಿಡ್ತಾರೆ. ಒಂದು ಅನ್ನೋದೇ ಅಪಾಯದ ಗುರುತು. ಇದರ ಮೇಲೆ ಬರೆದ ಪ್ರಬಂಧ ಒಪ್ಪಿಗೆ ಆಗಿದೆ. ಈ ಸಲ ನಂಗೆ ಖಾಯಂ ಕೆಲಸ ಆಗುತ್ತೆ ಅಂತ ಡಾಕ್ಟರಮ್ಮನೇ ಹೇಳಿದ್ರು."

ಆ ಒಂದುಗಳು ಎಲ್ಲಿಂದ ಬಂದವೆಂದು ಭೂಮಿಯ ಮೇಲೆ ಗೊತ್ತಿದ್ದವಳು ಪ್ರಶ್ನೆಯಕ್ಕನೊಬ್ಬಳೇ. ಅವು ಬೆಳೆಗಾರರು ಹೇಳಿದ ಒಂದಲ್ಲ. ಅವಳೇ ಹಾಕಿದ ಒಂದು. ಬಾಯಿ ತೆರೆದಳು. ಅವನು ಎರಡನೆಯ ಲೋಟವನ್ನು ಅವಳ ಕೈಗಿಟ್ಟ. "ಒಳ್ಳೇದಾಯ್ತು ಮೇಷ್ಟ್ರೇ," ಎಂದು ಟೀ ಕುಡಿದಳು. ಮೆಟ್ಟಿಲಿಳಿಯುವಾಗ ಮೊದಲ ಸಲ, ಹತ್ತುವಾಗಿನಷ್ಟೇ ಆಯಾಸವಾಯಿತು.

ಅವಳು ವಾರವಿಡೀ ತುಟಿ ಪಿಟಕ್ಕೆನ್ನಲಿಲ್ಲ. ನನ್ನ ಪಾಡಿಗೆ ನಾನಿದ್ದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡಳು. ಒಂದು ಎಂದವರಿಗೆ ಫೋನ್ ಹೋಗಲಿ ಎಂದೇ ತಾನೇ ನಾನು ಒತ್ತಿದ್ದು, ಈಗ ಪ್ರಬಂಧವೂ ಅದನ್ನೇ ಹೇಳುತ್ತಿದೆ ಎಂದೂ ಸಮಾಧಾನ ಮಾಡಿಕೊಂಡಳು. ದಣಿದವರು ಸಮಾಧಾನವನ್ನು ಹೆಚ್ಚು ತಿಕ್ಕಿ ನೋಡುವುದಿಲ್ಲ, ಸಿಕ್ಕಿದ್ದನ್ನು ಹೊದ್ದು ಮಲಗುತ್ತಾರೆ.

ಸಮಾಧಾನ ಶುಕ್ರವಾರದವರೆಗೆ ಇತ್ತು. ಅಂದು ಉದ್ದನೆಯ ಮೇಜಿನ ಸುತ್ತ ಎಲ್ಲರನ್ನೂ ಕರೆದರು. ಮುಂದಿನ ತಿಂಗಳಿಂದ ಪ್ರಶ್ನೆಗಳನ್ನು ಯಂತ್ರವೇ ಫೋನ್ ಮಾಡಿ ಕೇಳುತ್ತದೆ. ಕೇಳುವವರು ಐವರೂ ಕಚೇರಿಯಲ್ಲಿ ಕೂತು ಅದರ ಮೇಲ್ವಿಚಾರಣೆ ಮಾಡಬೇಕು. ಯಂತ್ರಕ್ಕೆ ದನಿ ಪ್ರಶ್ನೆಯಕ್ಕನದೇ. ಎರಡು ತಿಂಗಳ ಹಿಂದೆ ಅವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಒಂಬತ್ತೂ ಪ್ರಶ್ನೆ ಓದಿಸಿಕೊಂಡಿದ್ದರು. ಇನ್ನು ಮೆಟ್ಟಿಲು ಹತ್ತುವುದೊಂದೇ ಉಳಿಯಿತು, ಬಸ್ಸಿನಲ್ಲಿ ಊರೂರು ಅಲೆಯುವುದು ತಪ್ಪಿತು ಎಂದು ಆಗ ಅವಳು ಹಿಗ್ಗಿದ್ದಳು ಕೂಡ.

ಕಂಪ್ಯೂಟರಿನವನು ಮೇಜಿನ ನಡುವೆ ಒಂದು ಫೋನ್ ಇಟ್ಟ. ಅದು ರಿಂಗಾಯಿತು, ಅವನು ಎತ್ತಿದ. ಅವಳ ದನಿ ಕೋಣೆಯಲ್ಲೆಲ್ಲ ಕೇಳಿಸಿತು. ಸುಸ್ತಿಲ್ಲದ, ಚೊಕ್ಕಟವಾದ ದನಿ. ಪ್ರತಿ ಪ್ರಶ್ನೆಗೂ ಅವನೊಂದು ಅಂಕಿ ಒತ್ತಿದ. ಒಂಬತ್ತನೆಯದಕ್ಕೆ, "ಏನೂ ಒತ್ತದಿದ್ರೆ ಏನಾಗುತ್ತೆ ತೋರಿಸ್ತೀನಿ," ಎಂದು ಕೈ ಕಟ್ಟಿ ಕೂತ. ಎಲ್ಲರೂ ಕಾದರು. ಹತ್ತು ಸೆಕೆಂಡಾಯಿತು. ಅವಳ ದನಿಯೇ, "ಧನ್ಯವಾದ, ಮುಂದಿನ ತಿಂಗಳು ಮತ್ತೆ ಮಾತಾಡೋಣ," ಎಂದು ಫೋನ್ ಇಟ್ಟುಬಿಟ್ಟಿತು. ಪರದೆಯ ಮೇಲೆ ಸೊನ್ನೆ ಬಿತ್ತು.

"ಒಂದು ಒತ್ತಿದವರಿಗೆ ಮೊದಲು ಸಹಾಯ, ಮೇಷ್ಟ್ರು ಹೇಳಿದ ಹಾಗೆ. ಸೊನ್ನೆಯವರ ತಂಟೆಗೇ ಹೋಗಬೇಕಿಲ್ಲ, ಎಷ್ಟೊಂದು ಕೆಲಸ ಉಳಿಯುತ್ತೆ ನೋಡಿ," ಎಂದ ಕಂಪ್ಯೂಟರಿನವನು. ಕೆಟ್ಟವನಲ್ಲ ಅವನು, ಕೆಲಸ ಮುಗಿದ ಖುಷಿಯಲ್ಲಿದ್ದ.

ಪ್ರಶ್ನೆಯಕ್ಕನಿಗೆ ಕಾಲ ಮೇಲೆ ನೀರು ಹರಿಯುತ್ತಿದ್ದರೂ ಪೈಪು ಸರಿಸದೆ ನಿಂತ ಆ ಮನುಷ್ಯ ಕಣ್ಣ ಮುಂದೆ ಬಂದ. ಅವನು ಒಂದನ್ನೂ ಒತ್ತುವವನಲ್ಲ, ಎರಡನ್ನೂ ಒತ್ತುವವನಲ್ಲ. ಅವನ ಕಿವಿಯಲ್ಲಿ ತನ್ನದೇ ದನಿ ಹತ್ತು ಎಣಿಸಿ, ಧನ್ಯವಾದ ಹೇಳಿ, ಹೊರಟುಹೋಗುತ್ತದೆ.

ಅಂದು ಸಂಜೆ ಸ್ಟೂಲಿನ ಮೇಲೆ ಕೂತೇ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಕೈಗೆ ಹತ್ತಿದ್ದ ಗ್ರೀಸನ್ನು ಹಳೆಯ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತ ಕೇಳಿಸಿಕೊಂಡ.

"ಹೇಳಿಬಿಟ್ರೆ ಏನಾಗುತ್ತೆ?"

"ಕೆಲಸ ಹೋಗುತ್ತೆ. ಹದಿನೆಂಟು ವರ್ಷ ಸುಳ್ಳು ಅಂಕಿ ಬರೆದೋಳು ಅನ್ನಿಸ್ಕೋತೀನಿ. ಆರೇ ವರ್ಷ ಅಂದ್ರೆ ಯಾರು ನಂಬ್ತಾರೆ? ಆ ಮೇಷ್ಟ್ರ ಬಾಯಿಗೆ ಮಣ್ಣು ಹಾಕಿದ ಹಾಗಾಗುತ್ತೆ. ಪಾಪ, ನಂಗೆ ಟೀ ಮಾಡಿಕೊಡ್ತಾನೆ ರೀ ಅವನು."

"ಹೇಳದಿದ್ರೆ?"

ಅವಳು ಗೋಡೆಯ ಕಡೆ ನೋಡಿದಳು. ಗಂಡ, "ಗೊತ್ತಾಯ್ತು ಬಿಡು," ಎಂದು ಅವಳ ಕಾಲಿಗೆ ಬಿಸಿನೀರು ಕಾಯಿಸಲು ಎದ್ದು ಹೋದ.

ಶನಿವಾರ ಬೆಳಿಗ್ಗೆ ಸಂಸ್ಥೆಯಲ್ಲಿ ಗಣಿತದ ಮೇಷ್ಟ್ರನ್ನು ಬಿಟ್ಟರೆ ಯಾರೂ ಇರಲಿಲ್ಲ. ಅವಳು ಮೂರು ನೋಟ್‌ಬುಕ್ಕನ್ನೂ ಅವನ ಮೇಜಿನ ಮೇಲಿಟ್ಟಳು.

"ಮೇಷ್ಟ್ರೇ, ಆ ಒಂದುಗಳು ಅವರು ಹೇಳಿದ್ದಲ್ಲ. ಅವರು ಏನೂ ಹೇಳಲಿಲ್ಲ. ನಾನು ಒತ್ತಿದ್ದು."

ಅವನಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಅವಳು ಇನ್ನೊಮ್ಮೆ ಬಿಡಿಸಿ ಹೇಳಿದಳು. ಆಗ ತಿಳಿಯಿತು. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಮೊದಲ ನೋಟ್‌ಬುಕ್ಕನ್ನು ತೆರೆದು ಓದತೊಡಗಿದ. 'ಸಂಖ್ಯೆ ಎಪ್ಪತ್ತೊಂದು. ಕೈ ಒರೆಸಿಕೊಂಡರು. ಒಣಗಿದ್ದ ಕೈಯನ್ನೇ ಮತ್ತೆ ಒರೆಸಿಕೊಂಡರು.' 'ಸಂಖ್ಯೆ ನೂರ ನಾಲ್ಕು. ಹೆಂಗಸು. ಒಲೆ ಮೇಲೆ ಹಾಲಿದೆ ಎಂದು ಒಳಗೆ ಹೋದವರು ಬರಲಿಲ್ಲ. ಹಾಲಿನ ವಾಸನೆ ಇರಲಿಲ್ಲ.' ಒಂದೊಂದನ್ನೂ ಪರದೆಯ ಮೇಲಿನ ಪಟ್ಟಿಗೆ ಹೊಂದಿಸಿ ನೋಡುತ್ತ ಹೋದ. ಮಧ್ಯಾಹ್ನವಾಯಿತು. ಅವಳು ಎದ್ದು ತಾನೇ ಎರಡು ಲೋಟ ಟೀ ಮಾಡಿದಳು. ಅವನದು ಮೇಜಿನ ಮೇಲೆ ಆರಿಹೋಯಿತು.

ಮೂರನೆಯ ನೋಟ್‌ಬುಕ್ಕು ಮುಚ್ಚಿ ಅವನು ಮುಖ ಉಜ್ಜಿಕೊಂಡ.

"ಆಸ್ಪತ್ರೆ ಸೇರಿದೋರು ಹೆಚ್ಚುಕಮ್ಮಿ ಎಲ್ಲಾ ಇದರಲ್ಲಿದಾರೆ ಅಕ್ಕಾ. ಫೋನ್ ಹೋಗಿದ್ದಕ್ಕೆ ಆಸ್ಪತ್ರೆಗೆ ಬಂದಿದಾರೆ. ನಿಜವಾಗ್ಲೂ ಒಂದು ಅಂದೋರು ಚೆನ್ನಾಗೇ ಇದಾರೆ."

"ನಿಮ್ಮ ಪ್ರಬಂಧ?"

"ವಾಪಸ್ ತಗೋಬೇಕು." ಅವನು ಮೂರೂ ನೋಟ್‌ಬುಕ್ಕನ್ನು ಒಂದರ ಮೇಲೊಂದು ಜೋಡಿಸಿಟ್ಟ. "ಅದಿರಲಿ. ಬೇರೆ ನಾಲ್ಕು ವಲಯದಲ್ಲಿ ಸುಮ್ಮನಿದ್ದೋರಿಗೆ ಸೊನ್ನೆ ಹಾಕಿದಾರೆ ಅಲ್ವಾ?"

"ಹೌದು. ಹಾಗೇ ಹೇಳಿಕೊಟ್ಟಿದ್ದು."

"ಅಲ್ಲಿ ಸಾವಿರಾರು ಸೊನ್ನೆ ಇದೆ. ಅದರಲ್ಲಿ ಯಾವುದು ಚೆನ್ನಾಗಿದ್ದೋರದು, ಯಾವುದು ಸುಮ್ಮನಿದ್ದೋರದು ಅಂತ ಕಂಡುಹಿಡಿಯೋಕೆ ಯಾವ ಲೆಕ್ಕಾನೂ ಇಲ್ಲ. ಆರು ವರ್ಷದಲ್ಲಿ ಎಷ್ಟು ಜನಕ್ಕೆ ನಾವು ಫೋನ್ ಮಾಡಲೇ ಇಲ್ಲ ಅನ್ನೋದು ಯಾರಿಗೂ ಗೊತ್ತಾಗಲ್ಲ."

ಪ್ರಶ್ನೆಯಕ್ಕ ಆ ನಾಲ್ಕು ವಲಯಗಳನ್ನು ಕಂಡವಳಲ್ಲ. ಆದರೂ ಅಲ್ಲಿಯ ಯಾವುದೋ ಹೊಲದಲ್ಲಿ, ಯಾವುದೋ ಶೆಡ್ಡಿನಲ್ಲಿ ಮಾತು ಬಾರದೆ ನಿಂತವರು ಅವಳಿಗೆ ಕಂಡರು. ಅವಳಿಗೆ ಅಳು ಬಂತು. ಅತ್ತಳು. ಮೇಷ್ಟ್ರು ಕಿಟಕಿಯ ಕಡೆ ತಿರುಗಿ ಕೂತ.

ಸೋಮವಾರ ನೋಟ್‌ಬುಕ್ಕುಗಳು ಡಾಕ್ಟರಮ್ಮನ ಕೈ ಸೇರಿದವು, ವಿಚಾರಣೆ ಬುಧವಾರ ನಡೆಯಿತು. ಯಾರೇ ಅಂಕಿ ತಿದ್ದಿದರೂ ವಿಚಾರಣೆ ಆಗಲೇಬೇಕೆಂದು ಸಂಸ್ಥೆಯ ನಿಯಮ. ನಿಯಮ ಬರೆದವರೂ ಡಾಕ್ಟರಮ್ಮ, ವಿಚಾರಣೆ ಮಾಡುವವರೂ ಡಾಕ್ಟರಮ್ಮ. ಅವರ ಕೋಣೆಯಲ್ಲಿ ಅವರೂ ಪ್ರಶ್ನೆಯಕ್ಕನೂ ಇಬ್ಬರೇ. ಮೇಜಿನ ಮೇಲೆ ಕಂಪ್ಯೂಟರು, ಅದರ ಪಕ್ಕ ಮೂರು ನೋಟ್‌ಬುಕ್ಕು. ಅವನ್ನು ರಾತ್ರಿಯೆಲ್ಲ ಓದಿ ಡಾಕ್ಟರಮ್ಮನ ಕಣ್ಣು ಕೆಂಪಾಗಿತ್ತು. ವಿಚಾರಣೆಯ ಫಾರಂ ಕೂಡ ಪರದೆಯ ಮೇಲೆಯೇ. ಅವರು ಓದಿ ಕೇಳುತ್ತ ಹೋದರು, ಇವಳು ಹೇಳುತ್ತ ಹೋದಳು. ಎಷ್ಟು ವರ್ಷದ ಸೇವೆ. ಯಾವ ಪ್ರಶ್ನೆಯ ಅಂಕಿ. ಎಷ್ಟು ಸಲ. ಬೇರೆ ಯಾರಾದರೂ ಹೇಳಿ ಮಾಡಿಸಿದರೇ. ಇಲ್ಲ.

"ನೀವು ನಮೂದಿಸಿದ ಅಂಕಿ ಸುಳ್ಳು ಅಂತ ನಿಮಗೆ ಗೊತ್ತಿತ್ತಾ?" ಎಂದು ಓದಿ ಡಾಕ್ಟರಮ್ಮ ತಲೆಯೆತ್ತಿದರು. "ಹೌದು ಅಥವಾ ಇಲ್ಲ."

ಹೌದು ಎಂದರೆ ಸೊನ್ನೆ ನಿಜವಾಗಿತ್ತೆಂದು ಒಪ್ಪಿಕೊಂಡ ಹಾಗೆ. ಇಲ್ಲ ಎಂದರೆ ಮೂರು ನೋಟ್‌ಬುಕ್ಕು ಎದುರಿಗೇ ಇವೆ. ಎರಡೂ ಪ್ರಶ್ನೆಯಕ್ಕನ ಬಾಯಿಗೆ ಬರಲಿಲ್ಲ. ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು. ಡಾಕ್ಟರಮ್ಮ ಕಾದರು.

"ಮುಂದಿನದು ಕೇಳಿ ಮೇಡಂ," ಎಂದಳು ಕೊನೆಗೆ.

"ಮುಂದಿನದು ಇಲ್ಲ," ಎಂದರು ಡಾಕ್ಟರಮ್ಮ. "ಇದೇ ಕೊನೇ..."

ಅಲ್ಲಿಗೆ ಅವರ ಮಾತು ನಿಂತಿತು. ಅವರ ಕಣ್ಣು ಮೊದಲ ನೋಟ್‌ಬುಕ್ಕಿನ ಮೇಲೆ ಹೋಯಿತು. ಅದರ ಮೊದಲ ಪುಟದಲ್ಲಿದ್ದ ಗುಲಾಬಿಯವನ ಮಾತನ್ನು ಅವರೂ ಓದಿದ್ದರು. ಏನು ಮಾಡಬೇಕೆಂದು ತೋಚದೆ ಫಾರಂ ಮುಗಿಸುವ ಗುಂಡಿ ಒತ್ತಿದರು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ 'ಉತ್ತರ ಕಡ್ಡಾಯ' ಎಂದು ಬಂತು. ಇನ್ನೊಮ್ಮೆ ಒತ್ತಿದರು. ಮತ್ತೆ ಬಂತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅವತ್ತು ತರಬೇತೀಲಿ ಕೈ ಎತ್ತಿ ಕೇಳಿದ್ದು ನೀವೇ ಅಲ್ವಾ?"

"ಹೌದು ಮೇಡಂ."

ಡಾಕ್ಟರಮ್ಮ ಫೋನ್ ಎತ್ತಿ ಕಂಪ್ಯೂಟರಿನವನನ್ನು ಕರೆದರು. "ಆ ಯಂತ್ರ ನಿಲ್ಸಿ. ಉತ್ತರ ಬರಲಿಲ್ಲ ಅನ್ನೋದಕ್ಕೆ ಬೇರೆ ಜಾಗ ಮಾಡೋವರೆಗೂ ಒಂದು ಫೋನೂ ಹೋಗಬಾರದು. ಅಂಥ ಕಡೆಗೆಲ್ಲ ಮನುಷ್ಯರೇ ತಿರುಗಿ ಫೋನ್ ಮಾಡಬೇಕು. ಹೌದು, ಎಲ್ಲಾ ಐದು ವಲಯಕ್ಕೂ." ಫೋನ್ ಇಟ್ಟು ಇವಳ ಕಡೆ ತಿರುಗಿದರು. "ನಿಮ್ಮನ್ನ ಮಾತ್ರ ಉಳಿಸ್ಕೊಳ್ಳೋಕೆ ನನ್ನಿಂದ ಆಗಲ್ಲ. ನಿಯಮ."

"ಗೊತ್ತು ಮೇಡಂ."

ಡಾಕ್ಟರಮ್ಮ ಖಾನೆಯಿಂದ ಒಂದು ಬಿಳಿ ಹಾಳೆ ತೆಗೆದು ವಿಚಾರಣೆಯ ಉತ್ತರಗಳನ್ನೆಲ್ಲ ಕೈಯಲ್ಲೇ ಬರೆದರು. ಕೊನೆಯ ಪ್ರಶ್ನೆಗೆ ಬಂದಾಗ ಹಾಳೆಯ ಅಂಚಿನಲ್ಲಿ 'ಸುಮ್ಮನಿದ್ದರು' ಎಂದು ಬರೆದು, ಹಾಳೆಯನ್ನು ಅವಳ ಕಡೆ ತಿರುಗಿಸಿ ಸಹಿಗೆ ಪೆನ್ನು ಕೊಟ್ಟರು.

ಪ್ರಶ್ನೆಯಕ್ಕ ಓದಿ ನೋಡಿದಳು. ಸಹಿ ಹಾಕಿದಳು.